ರಿಫ್ರೆಶ್ ಮಾಡಿದರೆ ಬುಕಿಂಗ್ ಎರಡಾಗುವ ತೊಂದರೆಗೆ

ಚಿಕ್ಕಮಗಳೂರಿನ ನಿಮ್ಮ ಹೋಮ್‌ಸ್ಟೇ ಫಾರ್ಮ್‌ನಲ್ಲಿ, ‘ಬುಕ್ ಆಯಿತು’ ಪುಟವನ್ನು ರಿಫ್ರೆಶ್ ಮಾಡಿದರೆ ಅದೇ ಬುಕಿಂಗ್ ಮತ್ತೆ ಸೇವ್ ಆಗುತ್ತದೆ ಅಂದಿರಿ. ಸೇವ್ ಆದ ಮೇಲೆ ಸರ್ವ್‌ಲೆಟ್‌ನಿಂದ (ಬ್ರೌಸರ್ ಕೋರಿಕೆಗೆ ಸರ್ವರ್‌ನಲ್ಲಿ ಉತ್ತರ ಕೊಡುವ ಜಾವಾ ಕೋಡ್) ಆ ಪುಟಕ್ಕೆ ಫಾರ್ವರ್ಡ್ ಮಾಡಿದ್ದೀರಿ, ಅಲ್ವಾ? ಫಾರ್ವರ್ಡ್, ಅಂದರೆ ಬಂದ ಕೋರಿಕೆಯನ್ನು ಇನ್ನೊಂದು ಪುಟಕ್ಕೆ ದಾಟಿಸುವುದು, ಸರ್ವರ್ ಒಳಗೇ ನಡೆದುಹೋಗುತ್ತದೆ. ಬ್ರೌಸರ್‌ಗೆ ಅದರ ಸುಳಿವೇ ಸಿಗುವುದಿಲ್ಲ. ಬ್ರೌಸರ್ ಕೊನೆಗೆ ಕಳಿಸಿದ್ದು ಪೋಸ್ಟ್, ಅಂದರೆ ಫಾರ್ಮ್‌ನಲ್ಲಿ ತುಂಬಿದ್ದನ್ನು ಒಪ್ಪಿಸುವ ಕೋರಿಕೆ. ರಿಫ್ರೆಶ್ ಒತ್ತಿದರೆ ಅದನ್ನೇ ಮತ್ತೆ ಕಳಿಸುತ್ತದೆ. ಮುಳ್ಳಯ್ಯನಗಿರಿ ನೋಡಲು ಬರುವವರ ಹೆಸರಿನಲ್ಲಿ ಸುಮ್ನೆ ಎರಡು ಕೋಣೆ ಹಿಡಿದಂತಾಗುತ್ತದೆ.

ಸೇವ್ ಆದ ಕೂಡಲೇ ಸೆಂಡ್‌ರೀಡೈರೆಕ್ಟ್ ಬಳಸಿ. ಸರ್ವರ್ 302 (‘ಬೇರೆ ವಿಳಾಸಕ್ಕೆ ಹೋಗು’) ಉತ್ತರ ಕೊಡುತ್ತದೆ, ಬ್ರೌಸರ್ ಹೊಸದಾಗಿ ಗೆಟ್ (ಪುಟ ತೋರಿಸು ಎಂಬ ಕೋರಿಕೆ) ಕಳಿಸುತ್ತದೆ. ಆಮೇಲೆ ಎಷ್ಟು ಸಲ ರಿಫ್ರೆಶ್ ಮಾಡಿದರೂ ಹೋಗುವುದು ಆ ಗೆಟ್ ಮಾತ್ರ. ಇಲ್ಲಿ ಎಡವುವವರು ಜಾಸ್ತಿ, ಸ್ವಲ್ಪ ಗಮನವಿಡಿ. ವಿಳಾಸ ಸ್ಲ್ಯಾಶ್‌ನಿಂದ ಶುರುವಾದರೆ ಅದರ ಮೊದಲಿಗೆ ಗೆಟ್‌ಕಾಂಟೆಕ್ಸ್ಟ್‌ಪಾತ್ ಕೊಡುವ ಆ್ಯಪ್‌ನ ಹೆಸರನ್ನು ಸೇರಿಸಿ, ಇಲ್ಲದಿದ್ದರೆ 404 (ಪುಟ ಸಿಗಲಿಲ್ಲ) ಬರಬಹುದು. ರಿಕ್ವೆಸ್ಟ್‌ಗೆ (ಆ ಒಂದು ಕೋರಿಕೆಗೆ) ಹಾಕಿದ ಅಟ್ರಿಬ್ಯೂಟ್‌ಗಳು, ಅಂದರೆ ಜೊತೆಗಿಟ್ಟ ಮಾಹಿತಿ, ಹೊಸ ಗೆಟ್‌ಗೆ ದಾಟುವುದಿಲ್ಲ. ಹಾಗಾಗಿ ಬುಕಿಂಗ್ ನಂಬರನ್ನು ಸೆಷನ್‌ನಲ್ಲಿಡಿ (ಒಬ್ಬ ಬಳಕೆದಾರರ ಕೋರಿಕೆಗಳ ನಡುವೆ ಸರ್ವರ್ ನೆನಪಿಟ್ಟುಕೊಳ್ಳುವ ಜಾಗ).

ಹಾಗಂತ ಫಾರ್ವರ್ಡ್ ಪೂರ್ತಿ ಬಿಡಬೇಡಿ. ಫೋನ್ ನಂಬರ್ ತಪ್ಪಿದ್ದರೆ ಫಾರ್ಮ್ ಪುಟಕ್ಕೇ ಫಾರ್ವರ್ಡ್ ಮಾಡಿ. ತುಂಬಿದ್ದೆಲ್ಲ ರಿಕ್ವೆಸ್ಟ್‌ನಲ್ಲೇ ಇರುತ್ತದೆ, ಮತ್ತೆ ತೋರಿಸಬಹುದು. ಫಾರ್ವರ್ಡ್ ಮಾಡುವ ಸಾಲಿನ ಕೆಳಗೆ ರಿಟರ್ನ್ (ಇಲ್ಲಿಗೇ ನಿಲ್ಲು ಎಂಬ ಆದೇಶ) ಬರೆಯಲೇಬೇಕು. ಬರೆಯದಿದ್ದರೆ ಮುಂದಿನ ಕೋಡೂ ಓಡಿ, ತಪ್ಪು ನಂಬರಿನ ಬುಕಿಂಗ್ ಸೇವ್ ಆಗಿಬಿಡುತ್ತದೆ.