ಅಂಬೆಯ ಪಾತ್ರ ಬಿಡಬೇಕೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ವಯಸ್ಸು 34, ಸೊಸೈಟಿಯೊಂದರಲ್ಲಿ ಕೆಲಸ. ಎಂಟು ವರ್ಷದ ಹಿಂದೆ ಮದುವೆ ನಿಶ್ಚಯವಾಗಿತ್ತು. ಲಗ್ನಪತ್ರಿಕೆ ಹಂಚಿಯೂ ಆಗಿತ್ತು. ಹದಿನೈದು ದಿನ ಇರುವಾಗ ಹುಡುಗ ಬೇಡ ಅಂದರು. ಕಾರಣ ಇವತ್ತಿಗೂ ಹೇಳಿಲ್ಲ. ಆಮೇಲೆ ಬಂದ ಸಂಬಂಧಗಳನ್ನೆಲ್ಲ ನಾನೇ ಬೇಡ ಅಂದೆ. ಉಳಿದ ಪತ್ರಿಕೆಗಳ ಕಟ್ಟು ಇನ್ನೂ ಅಟ್ಟದ ಮೇಲಿದೆ. ಈಗ ಸಾಗರದ ಹವ್ಯಾಸಿ ತಂಡವೊಂದರ ನಾಟಕದಲ್ಲಿ ನನಗೆ ಅಂಬೆಯ ಪಾತ್ರ. 'ನಿನ್ನ ನೋವನ್ನೇ ತಗೊಂಡು ಬಾ, ಪಾತ್ರ ತಾನಾಗಿ ಬರುತ್ತೆ' ಎನ್ನುತ್ತಾರೆ ನಿರ್ದೇಶಕರು. ಎಲ್ಲರೂ ಹೊಗಳುತ್ತಾರೆ. ಆದರೆ ಮನೆಗೆ ಬಂದರೆ ನಿದ್ದೆ ಇಲ್ಲ, ಅಳು. ಜೊತೆಗೆ ಕೆಲಸ ಮಾಡುವವರೊಬ್ಬರು ಮದುವೆಯ ಮಾತೆತ್ತಿದ್ದಾರೆ. ರಿಹರ್ಸಲ್ ಮುಗಿದ ಮೇಲೆ ನನಗೆ ಕೊನೆ ಬಸ್ ಸಿಗುವ ತನಕ ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ. 'ನಾಟಕ ಮುಗೀಲಿ' ಅಂದಿದ್ದೇನೆ. ಪಾತ್ರ ಬಿಡಲೇ? ನಾನೂ ಅಂಬೆಯ ಹಾಗೆ ಹಳೆಯದರಲ್ಲೇ ನಿಂತುಬಿಟ್ಟೆನೇ?

ಉತ್ತರ: ಮೊದಲು ನಿಮ್ಮ ನಿರ್ದೇಶಕರ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಸ್ವಂತ ಗಾಯವನ್ನು ದಿನಾ ಸಂಜೆ ಕೆರೆದುಕೊಂಡೇ ಪಾತ್ರ ಕಟ್ಟಬೇಕು ಅಂತೇನೂ ಇಲ್ಲ. ನಮ್ಮ ಕಡೆ ಬಡಗುತಿಟ್ಟಿನ ಯಕ್ಷಗಾನ ಆಟ ನೋಡಿಯೇ ಇರುತ್ತೀರಿ. 'ಭೀಷ್ಮ ವಿಜಯ' ಪ್ರಸಂಗದಲ್ಲಿ ಅಂಬೆಯಾಗಿ ಗೆಜ್ಜೆ ಕಟ್ಟುವವರು ಹೆಚ್ಚಾಗಿ ಗಂಡಸರೇ. ನೋಡುವ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಆ ಅಳು ಬರುವುದು ಭಾಗವತರ ಪದದಿಂದ, ಹೆಜ್ಜೆಯಿಂದ, ಯಾವ ಮಾತಿನ ಹತ್ತಿರ ಉಸಿರು ನಿಲ್ಲಿಸಬೇಕು ಅನ್ನುವ ಅಂದಾಜಿನಿಂದ. ಆಟ ಮುಗಿದ ಮೇಲೆ ವೇಷ ಕಟ್ಟುವ ಚೌಕಿಗೆ ಹೋಗಿ ನೋಡಿ. ಅದೇ ಅಂಬೆ ಮುಖಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ಬಣ್ಣ ತೆಗೆಯುತ್ತಾ, ನಾಳೆಯ ಆಟ ಯಾವ ಊರಲ್ಲಿ ಅಂತ ವಿಚಾರಿಸುತ್ತಿರುತ್ತಾರೆ. ತಿರುಗಾಟದ ಉದ್ದಕ್ಕೂ ರಾತ್ರಿ ಕುಣಿಯಲು ಆಗುವುದು ಹಾಗೆ ಕಳಚಿಡುವುದರಿಂದಲೇ.

ನೀವೂ ನಿರ್ದೇಶಕರನ್ನು ಒಬ್ಬರೇ ಭೇಟಿಯಾಗಿ ಹೇಳಿ: 'ನನ್ನ ಮದುವೆಯ ವಿಷಯ ರಿಹರ್ಸಲ್‌ಗೆ ತರಬೇಡಿ. ಮಾತು, ನಡಿಗೆ, ದನಿ ಎಷ್ಟು ಬೇಕಾದರೂ ತಿದ್ದಿ.' ಒಳ್ಳೆಯವರಾದರೆ ಕೇಳುತ್ತಾರೆ. ತಾಲೀಮಿಗೆ ಅಂತ ಒಂದು ಸೀರೆ ಬೇರೆ ಇಡಿ, ಅದು ಅಲ್ಲೇ ಇರಲಿ. ಮುಗಿದ ತಕ್ಷಣ ಮುಖ ತೊಳೆದು, ಬಟ್ಟೆ ಬದಲಿಸಿ, ಯಾರ ಹತ್ತಿರವಾದರೂ ಅಡಿಕೆ ರೇಟಿನದ್ದೋ, ಮಳೆಯದ್ದೋ ಮಾತಾಡಿ ಹೊರಡಿ. ಸುಮ್ನೆ ಅನ್ನಿಸಬಹುದು, ಆದರೆ ಇದು ಕೆಲಸ ಮಾಡುತ್ತದೆ.

ಇಷ್ಟಾದ ಮೇಲೂ ಎರಡು ವಾರ ನಿದ್ದೆ ಬರದೆ, ಊಟ ಸೇರದೆ ಹೋದರೆ ಪಾತ್ರ ಬಿಡಿ, ನಾಚಿಕೆಪಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಷ್ಟು ದೂರ ಹೋಗಲು ಆಗದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅಂಬೆ. ಅವಳು ಕೂತಲ್ಲೇ ಕೂತವಳಲ್ಲ. ಮನಸ್ಸು ಸಾಲ್ವನ ಮೇಲಿದೆ ಅಂತ ಭೀಷ್ಮನ ಎದುರೇ ಬಾಯಿಬಿಟ್ಟು ಹೇಳಿದಳು. ಸಾಲ್ವನ ಹತ್ತಿರ ಹೋದಳು, ಇನ್ನೊಬ್ಬ ಗೆದ್ದು ಒಯ್ದವಳು ಬೇಡ ಅಂದ. ಭೀಷ್ಮನಿಗೆ ಪ್ರತಿಜ್ಞೆ ಅಡ್ಡ ಬಂತು. ಪರಶುರಾಮ ಅವಳ ಪರ ನಿಂತು 23 ದಿನ ಯುದ್ಧ ಮಾಡಿದರೂ ಭೀಷ್ಮ ಸೋಲಲಿಲ್ಲ. ಕೊನೆಗೆ ಬೆಂಕಿಗೆ ಬಿದ್ದು, ಶಿಖಂಡಿಯಾಗಿ ಹುಟ್ಟಿಬಂದಳು. ಕುರುಕ್ಷೇತ್ರದ 10ನೇ ದಿನ ಭೀಷ್ಮ ಬಿದ್ದ. ಬೀಳುವ ಹೊತ್ತಿನಲ್ಲಿ ಅವನು ಅಂದದ್ದು ವ್ಯಾಸಭಾರತದಲ್ಲಿದೆ: ಇವು ಅರ್ಜುನನ ಬಾಣಗಳು, ಶಿಖಂಡಿಯವಲ್ಲ ಅಂತ. ಎರಡು ಜನ್ಮ ಸವೆಸಿ ಕಾದ ಗಳಿಗೆ ಅದು. ಆಗಲೂ ನಾಟಿದ ಬಾಣ ತನ್ನದಲ್ಲ! ಇಡೀ ಕಥೆಯಲ್ಲಿ ನನಗೆ ತಡೆಯಲಾಗದ ಜಾಗ ಇದು. ಅಂಬೆಯನ್ನು ಆಡುವಾಗ ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಮದುವೆಯನ್ನಲ್ಲ.

ನೀವು ಕಾಯುತ್ತಿರುವುದು ಸೇಡಿಗಲ್ಲ, ಒಂದು ಕಾರಣಕ್ಕೆ. ಯಾಕೆ ಬೇಡ ಅಂದರು ಅಂತ ತಿಳಿದರೆ ಎದ್ದು ನಡೆಯಬಹುದು ಅಂದುಕೊಂಡಿದ್ದೀರಿ. ಕಾರಣ ಹೇಳದೆ ಹೋದದ್ದು ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಳೆ ಅವರು ಬಂದು ಹೇಳಿದರು ಅಂತಲೇ ಇಟ್ಟುಕೊಳ್ಳಿ. ಬೇರೆ ಹುಡುಗಿ ಇದ್ದಳು, ಅಮ್ಮನಿಗೆ ಇಷ್ಟವಿರಲಿಲ್ಲ, ಹೆದರಿಕೆಯಾಯಿತು. ಇದರಲ್ಲಿ ಯಾವುದು ನಿಮಗೆ ಸಮಾಧಾನ ಕೊಡುತ್ತದೆ? 'ಮತ್ತೆ ನಿಶ್ಚಯದ ದಿನ ಯಾಕೆ ಹೇಳಲಿಲ್ಲ' ಅಂತ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ, ಅಷ್ಟೇ ಅಲ್ವಾ? ಆ ಉತ್ತರ ಬಾರದೆಯೇ ನೀವು ಬದುಕಬೇಕು, ಬದುಕಲು ಆಗುತ್ತದೆ. ಅಟ್ಟದ ಕಟ್ಟನ್ನು ಅಪ್ಪಯ್ಯನಿಗೋ ಅಮ್ಮನಿಗೋ ಹೇಳಿ ಇಳಿಸಿ, ಹಂಡೆ ಒಲೆಗೆ ಹಾಕಿ. ಅದಕ್ಕೆ ಮುಹೂರ್ತ ಬೇಡ. ಅವರಿಗೂ ಅದು ಅಲ್ಲಿರುವುದು ಗೊತ್ತಿದೆ, ನಿಮ್ಮ ಮುಖ ನೋಡಿ ಸುಮ್ಮನಿದ್ದಾರೆ.

ಇನ್ನೊಂದು ಗಮನಿಸಿದೆ. ನಿಮ್ಮ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿದ್ದೇನೆ. ಅದರಲ್ಲಿ ಬಿಟ್ಟುಹೋದವರ ಬಗ್ಗೆಯೇ ಜಾಸ್ತಿ ಇತ್ತು. ಈಗ ಕೇಳಿದವರ ಬಗ್ಗೆ ಇದ್ದದ್ದು ಕೊನೆ ಬಸ್ಸಿನ ಆ ಒಂದು ಮಾತು ಮಾತ್ರ. ಆದರೆ ಅದನ್ನು ಬರೆಯದೆ ಇರಲು ನಿಮಗೆ ಆಗಿಲ್ಲ ನೋಡಿ!

'ನಾಟಕ ಮುಗೀಲಿ' ಅಂದಿರಿ. ನಾಟಕ ಮುಗಿದರೆ ಅಡಿಕೆ ಕೊನೆ ಕೊಯ್ಲು ಬರುತ್ತದೆ, ಅದು ಮುಗಿದರೆ ಮಳೆಗಾಲ ಕಳೀಲಿ ಅನ್ನುತ್ತೀರಿ. ನಮ್ಮ ಮಲೆನಾಡಿನಲ್ಲಿ ಮುಂದೂಡಲು ನೆಪಕ್ಕೇನೂ ಬರವಿಲ್ಲ. ಅವರಿಗೆ ಈಗಲೇ ಹೂಂ ಅನ್ನಬೇಕಿಲ್ಲ, ಇಷ್ಟವಾಗದಿದ್ದರೆ ಬೇಡ ಅನ್ನುವ ಹಕ್ಕೂ ನಿಮ್ಮದೇ. ಆದರೆ ಈ ವಾರವೇ ಒಂದು ದಿನ ಕೂತು, ಎಂಟು ವರ್ಷದ ಹಿಂದೆ ಆದದ್ದನ್ನು ನಿಮ್ಮ ಬಾಯಿಂದಲೇ ಹೇಳಿ. ಊರವರ 'ಪಾಪ'ದ ಜೊತೆ ಸೇರಿ ಅರ್ಧಂಬರ್ಧ ಅವರ ಕಿವಿಗೆ ಬಿದ್ದಿರುತ್ತದೆ. ನಿಮಗೆ ಹೆದರಿಕೆ ಇದೆ ಅಂತಲೂ ಹೇಳಿ. ಕೇಳಿಸಿಕೊಂಡು ಅವರು ಏನಂತಾರೆ, ಹೇಗಂತಾರೆ ಅನ್ನುವುದರಿಂದ ಅವರು ಎಂಥವರು ಅಂತ ನಿಮಗೆ ಬೇಗ ತಿಳಿಯುತ್ತದೆ.