ಓವನ್ ಇಲ್ಲದೆ ಪ್ರೆಶರ್ ಕುಕ್ಕರಿನಲ್ಲಿ ಬಾರ್ಬೆಕ್ಯೂ ರಿಬ್ಸ್ (ಕೆಂಡ-ಹೊಗೆಯಲ್ಲಿ ಬೇಯಿಸುವ ಹಂದಿ ಪಕ್ಕೆಲುಬು) ಮಾಡಲು ಎಷ್ಟು ವಿಷಲ್ ಕೂಗಿಸಬೇಕು?

ಪುಣೆಯ ಬಾಡಿಗೆ ಮನೆ, ಓವನ್ ಇಲ್ಲ. ಬಾಟಲಿ ಸಾಸನ್ನು ಪೂರ್ತಿ ಸುರಿದು ಕುಕ್ಕರ್ ಮುಚ್ಚಿಬಿಟ್ಟರೆ ಸಾಕೇ ಎಂದೂ ಕೇಳಿದ್ದೀರಿ. ದಯವಿಟ್ಟು ಸುರಿಯಬೇಡಿ. ನಾಲ್ಕು ವರ್ಷಗಳ ಹಿಂದೆ ಗೋವಾದ ವಾಸ್ಕೋದ ನಮ್ಮ ಅಡುಗೆಮನೆಯಲ್ಲಿ ನಾನು ಮಾಡಿದ್ದು ಅದನ್ನೇ.

ನಾವು ಕೊಡಗಿನವರು. ನಮ್ಮ ಹಂದಿ ಮಾಂಸದ ಸಾರು ಪಂದಿಕರಿ ಮಾಡಿ ಪಳಗಿದ ಕೈ ಎಂಬ ಧೈರ್ಯವೇ ನನಗೆ ಮುಳುವಾಯಿತು. ಹಡಗಿನಲ್ಲಿ ಕೆಲಸ ಮಾಡುವ ತಮ್ಮ ಅಮೆರಿಕದ ಬಂದರೊಂದರಲ್ಲಿ ತಿಂದಿದ್ದ ರಿಬ್ಸ್ ನೆನೆದು, "ಅಕ್ಕಾ, ಹೊರಡುವ ಮುಂಚೆ ಒಮ್ಮೆ ಮಾಡಿಕೊಡು" ಎಂದಿದ್ದ. ಮರುದಿನ ನಸುಕಿಗೆ ದಾಬೋಳಿಯಿಂದ ಅವನ ವಿಮಾನ. ಮಡಗಾಂವ್ ಮಾರುಕಟ್ಟೆಯಿಂದ ಒಂದೂವರೆ ಕಿಲೋ ಪಕ್ಕೆಲುಬು ತಂದೆ. ಟೊಮೆಟೊ, ಇಲ್ಲಿನ ಕಪ್ಪು ತೆಂಗಿನ ಬೆಲ್ಲ, ಕಳ್ಳಿನ ವಿನೆಗರ್ ಕುದಿಸಿ ಗಟ್ಟಿ ಸಾಸ್ ಮಾಡಿ, ಮಾಂಸದ ಮೇಲೆ ಸುರಿದು ಮುಚ್ಚಳ ಹಾಕಿದೆ. ನೀರು ಒಂದು ತೊಟ್ಟೂ ಹಾಕಲಿಲ್ಲ, ರುಚಿ ತೆಳುವಾಗುತ್ತದೆ ಎಂದು.

ಹತ್ತು ನಿಮಿಷವಾದರೂ ಕುಕ್ಕರ್ ಕೂಗಲಿಲ್ಲ. ಉರಿ ಹೆಚ್ಚಿಸಿದೆ. ತಪ್ಪಿನ ಮೇಲೆ ತಪ್ಪು ಅದು. ಕುಕ್ಕರ್ ಕೆಲಸ ಮಾಡುವುದು ಹಬೆಯಿಂದ. ಹಬೆಗೆ ತೆಳುವಾದ ನೀರು ಬೇಕು. ಗಟ್ಟಿ ಸಾಸ್ ನೀರಿನ ಹಾಗೆ ಕುದಿದು ಮೇಲೆ ಕೆಳಗೆ ತಿರುಗುವುದಿಲ್ಲ, ತಳದಲ್ಲೇ ಕೂರುತ್ತದೆ. ಅದರಲ್ಲಿರುವ ಬೆಲ್ಲ ಮೊದಲು ಪಾಕವಾಗಿ, ಆಮೇಲೆ ಸೀಯುತ್ತದೆ. ಹಬೆ ತುಂಬದೆ ವಿಷಲ್ ಬರುವುದಿಲ್ಲ, ವಿಷಲ್ ಬರಲಿಲ್ಲವೆಂದು ನಾವು ಉರಿ ಹೆಚ್ಚಿಸುತ್ತೇವೆ, ತಳ ಇನ್ನಷ್ಟು ಸೀಯುತ್ತದೆ. ಮುಚ್ಚಳ ತೆಗೆದಾಗ ತಳದಲ್ಲಿ ಡಾಂಬರಿನಂಥ ಬೆರಳು ದಪ್ಪದ ಪದರ. ಎಲುಬಿನ ತುದಿಗಳು ಅದರಲ್ಲಿ ನೆಟ್ಟುಕೊಂಡಿದ್ದವು. ಮೇಲಿನ ತುಂಡುಗಳು ನೋಡಲು ಚೆನ್ನಾಗಿಯೇ ಇದ್ದವು. ನಲ್ಲಿಯ ಕೆಳಗೆ ಒಂದೊಂದಾಗಿ ತೊಳೆದೆ. ಸೀದ ವಾಸನೆ ಎಲುಬಿನವರೆಗೂ ಇಳಿದಿತ್ತು. ತಮ್ಮ ಅಂದು ರಾತ್ರಿ ಬ್ರೆಡ್ಡು ಆಮ್ಲೆಟ್ಟು ತಿಂದು, ಎಂಟು ತಿಂಗಳ ಕೆಲಸಕ್ಕೆ ಹೊರಟುಹೋದ.

ನನ್ನ ಕೇಳಿದರೆ, ಎಷ್ಟು ವಿಷಲ್ ಎಂಬ ಪ್ರಶ್ನೆಯೇ ಸರಿಯಿಲ್ಲ. ಕುಕ್ಕರಿನಲ್ಲಿ ಬಾರ್ಬೆಕ್ಯೂ ಆಗುವುದಿಲ್ಲ. ಒಳಗಿನ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್, ಅದೂ ಒದ್ದೆ ಬಿಸಿ. ಮಾಂಸ ಕೆಂಪಗೆ ಹುರಿದ ರುಚಿ ಪಡೆಯಲು ಒಣ ಮೈ ಬೇಕು, 140 ಡಿಗ್ರಿ ದಾಟಿದ ಕಾವು ಬೇಕು. ಕುಕ್ಕರ್ ಉಳಿಸಿಕೊಡುವುದು ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಹೊಗೆಗೂಡಿನ ಐದಾರು ಗಂಟೆಯ ಬೇಯುವಿಕೆಯನ್ನು ಮಾತ್ರ. ಉಳಿದದ್ದು ಬೆಂಕಿಯ ಕೆಲಸ.

ಎಲುಬಿನ ಹಿಂಬದಿಯ ತೆಳುವಾದ ಪೊರೆಯನ್ನು ಬಟ್ಟೆಯಿಂದ ಹಿಡಿದು ಎಳೆದು ತೆಗೆಯಿರಿ. ಬಿಟ್ಟರೆ ಅದು ರಬ್ಬರಿನಂತೆ ಹಲ್ಲಿಗೆ ಸಿಗುತ್ತದೆ. ಉಪ್ಪು, ಕಾಳುಮೆಣಸು ಸವರಿ ರಾತ್ರಿ ಫ್ರಿಜ್ಜಿನಲ್ಲಿಡಿ. ಕುಕ್ಕರಿಗೆ ಒಂದೂವರೆ ಲೋಟ ನೀರು, ಎರಡು ಚಮಚ ವಿನೆಗರ್ ಹಾಕಿ, ತೂತಿನ ತಟ್ಟೆಯ ಮೇಲೆ ತುಂಡುಗಳನ್ನು ನಿಲ್ಲಿಸಿ. ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ಗಡಿಯಾರ ನೋಡಿ. ಹಬೆ ತಾನಾಗಿ ಇಳಿಯಲಿ. ಮುಚ್ಚಳದ ಮೇಲಿನ ವಿಷಲ್ ಎತ್ತಿ ಹಬೆ ಹೊರಬಿಟ್ಟರೆ ಮಾಂಸದ ರಸವೂ ಕುದಿದು ಹೋಗುತ್ತದೆ. ಮಾಂಸ ಎಲುಬಿನಿಂದ ಉದುರುವಷ್ಟು ಬೇಯಿಸಬೇಡಿ. ಅಮೆರಿಕದ ಸ್ಪರ್ಧೆಗಳಲ್ಲಿ ಅದನ್ನು ಅತಿಯಾಗಿ ಬೆಂದದ್ದು ಎಂದೇ ಎಣಿಸುತ್ತಾರೆ.

ತುಂಡುಗಳು ಆರಿ ಒಣಗಿದ ಮೇಲಷ್ಟೇ ಸಾಸ್ ಸವರಿ ಕೆಂಡದ ಮೇಲೋ ಕಾದ ಕಬ್ಬಿಣದ ಕಾವಲಿಯ ಮೇಲೋ ಇಡಿ. ಪಕ್ಕದಲ್ಲೇ ನಿಂತಿರಿ, ಅಲ್ಲೂ ಬೆಲ್ಲ ಸೀಯುತ್ತದೆ. ಹೊಗೆಯ ವಾಸನೆಗೆಂದು ಮಾರುವ ಬಾಟಲಿಯ ಹೊಗೆಸಾರಕ್ಕೆ ದುಡ್ಡು ಸುರಿಯಬೇಡಿ. ಒಂದು ತುಂಡು ತೆಂಗಿನ ಕರಟವನ್ನು ಕೆಂಡ ಮಾಡಿ ಬಟ್ಟಲಲ್ಲಿಟ್ಟು, ಬಟ್ಟಲನ್ನು ರಿಬ್ಸ್ ಇರುವ ಪಾತ್ರೆಯೊಳಗಿರಿಸಿ, ಕೆಂಡದ ಮೇಲೆ ಹಂದಿ ಕೊಬ್ಬಿನ ಹನಿ ಬಿಟ್ಟು, ಪಾತ್ರೆ ಮುಚ್ಚಿ ಐದು ನಿಮಿಷ ಇಡಿ. ಹೊಗೆಯಿದೆ, ಕಿಟಕಿ ತೆರೆದಿರಲಿ.

ಕುಕ್ಕರಿನಲ್ಲಿ ಉಳಿದ ರಸವನ್ನು ಚೆಲ್ಲಬೇಡಿ. ಅರ್ಧಕ್ಕೆ ಬತ್ತಿಸಿ ಸ್ವಲ್ಪ ಸಾಸಿಗೆ ಸೇರಿಸಿ. ಮಿಕ್ಕದ್ದಕ್ಕೆ ನಾನು ಎರಡು ಹನಿ ಕಾಚಂಪುಳಿ (ಕೊಡಗಿನ ಕಪ್ಪು ಹಣ್ಣಿನ ಹುಳಿ) ಹಾಕಿಡುತ್ತೇನೆ, ಮರುದಿನದ ಅಕ್ಕಿ ರೊಟ್ಟಿಗೆ ಆಗುತ್ತದೆ.