ಅಟ್ಟದ ಡಬ್ಬಿಯಲ್ಲಿ ಸಿಕ್ಕ ಹಳೆಯ ಗೋಲಿಗಳು

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯಲ್ಲಿರುವ ನಮ್ಮ ತಾತನವರ ಮನೆಯ ದುರಸ್ತಿಯ ವೇಳೆ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿಯ ತುಂಬ ಗಾಜಿನ ಗೋಲಿಗಳು ಸಿಕ್ಕವು. ಹೆಚ್ಚಿನವುಗಳ ಒಳಗೆ ಬೆಕ್ಕಿನ ಕಣ್ಣಿನಂಥ ಬಣ್ಣದ ಎಸಳುಗಳಿವೆ. 5 ಗೋಲಿಗಳಲ್ಲಿ ಮಾತ್ರ ಬಿಳಿ, ಕೆಂಪು ಎಳೆಗಳು ಹಗ್ಗದಂತೆ ಹೊಸೆದುಕೊಂಡಿದ್ದು, ಎರಡು ತುದಿಗಳಲ್ಲಿ ಒರಟಾದ ಗುರುತುಗಳಿವೆ. ಆ ಒರಟನ್ನು ಪಾಲಿಶ್ ಮಾಡಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಮಾಡಿಸಬಹುದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಮಾಡಿಸಬೇಡಿ. ನಿಮ್ಮ ಪರಿಚಿತರು ದೋಷವೆಂದು ತಿಳಿದಿರುವ ಆ ಒರಟು ಗುರುತೇ ಗೋಲಿಯ ಹುಟ್ಟನ್ನು ಹೇಳುವ ಮೊದಲ ಸಾಕ್ಷಿ. ಜರ್ಮನಿಯ ಥುರಿಂಗಿಯಾ ಪ್ರಾಂತದ ಲೌಶಾ ಊರಿನಲ್ಲಿ 19ನೆಯ ಶತಮಾನದ ಮಧ್ಯಭಾಗದಿಂದ ಕುಶಲಕರ್ಮಿಗಳು ಬಣ್ಣದ ಎಳೆಗಳನ್ನು ಒಳಗೊಂಡ ಗಾಜಿನ ಸರಳನ್ನು ಕಾಯಿಸಿ, ತಿರುಚಿ, ಬಟ್ಟಲಿನಂಥ ಬಾಯಿಯುಳ್ಳ ಕತ್ತರಿಯಿಂದ ಅದರ ತುದಿಯನ್ನು ದುಂಡಗೆ ಮಾಡಿ ಕತ್ತರಿಸುತ್ತಿದ್ದರು. ಸರಳಿನಿಂದ ಬೇರ್ಪಟ್ಟ ಜಾಗದಲ್ಲಿ ಗಾಯದ ಕಲೆಯಂತೆ ಒಂದು ಗುರುತು ಉಳಿಯುತ್ತಿತ್ತು. ನಿಮ್ಮ 5 ಗೋಲಿಗಳಲ್ಲಿ ಎಳೆಗಳು ಒಂದು ಗುರುತಿನಿಂದ ಹೊರಟು ಇನ್ನೊಂದರಲ್ಲಿ ಕೂಡಿಕೊಳ್ಳುವುದಾದರೆ, ಅವು ಕೈಯಿಂದ ಮಾಡಿದವು ಎನ್ನಲು ಬಲವಾದ ಆಧಾರವಿದೆ. ಆದರೆ ಇಂದಿಗೂ ಕೈಯಿಂದ ಗೋಲಿ ಮಾಡುವವರಿದ್ದಾರೆ, ಆದ್ದರಿಂದ ಗುರುತೊಂದನ್ನೇ ನಂಬಿ ಹಳೆಯದೆಂದು ತೀರ್ಮಾನಿಸಬಾರದು. ಆಡಿ ಆಡಿ ಸವೆದ ಗೋಲಿಯ ಮೈಮೇಲೆ ಕಣ್ಣಿಗೆ ಸುಲಭವಾಗಿ ಕಾಣದ ನೂರಾರು ಚುಕ್ಕೆಗೀರುಗಳು ಇರುತ್ತವೆ. ಅಕ್ಕಸಾಲಿಗರು ಬಳಸುವ ಭೂತಗನ್ನಡಿಯಲ್ಲಿ ಅವನ್ನು ನೋಡಬಹುದು.

ಯಂತ್ರದಲ್ಲಿ ಮಾಡಿದ ಗೋಲಿಗೆ ಇಂಥ ಕತ್ತರಿ ಗುರುತು ಇರುವುದಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಏಕ್ರನ್ ನಗರದಲ್ಲಿ ಮಾರ್ಟಿನ್ ಕ್ರಿಸ್ಟೆನ್ಸನ್ ಅವರು ಗೋಲಿ ಮಾಡುವ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ಅದರ ಬಳಿಕ ಗಾಜಿನ ಮುದ್ದೆಯು ತೋಡುಗಳುಳ್ಳ ಉರುಳೆಗಳ ನಡುವೆ ಉರುಳುತ್ತ ದುಂಡಗಾಗತೊಡಗಿತು. ಬೆಕ್ಕಿನ ಕಣ್ಣಿನ ಗೋಲಿಗಳು ಇನ್ನೂ ಈಚಿನವು, 1950ರ ದಶಕದ ಆರಂಭದಲ್ಲಿ ಜಪಾನಿನಿಂದ ಅಮೆರಿಕದ ಮಾರುಕಟ್ಟೆಗೆ ಹೋಗಿ ಹೆಸರಾದವು. ಅವು ಹೇರಳವಾಗಿ ಸಿಗುವುದರಿಂದ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುವುದಿಲ್ಲ. ಆದರೂ ತಾತನವರ ಡಬ್ಬಿಯವು ಎಂಬ ಕಾರಣಕ್ಕೆ ಒಟ್ಟಿಗೇ ಇಟ್ಟುಕೊಳ್ಳಿರೆಂದು ನಾನು ಹೇಳುತ್ತೇನೆ.

ಬೆಲೆಯನ್ನು ನಿರ್ಧರಿಸುವುದರಲ್ಲಿ ಗಾತ್ರ, ಬಣ್ಣ, ವಿನ್ಯಾಸಗಳಿಗಿಂತಲೂ ಮೈಯ ಸ್ಥಿತಿಗೆ ದೊಡ್ಡ ಪಾಲಿದೆ. 25 ಮಿಲಿಮೀಟರ್‌ಗಿಂತ ದೊಡ್ಡದಾದ ಕೈಗೋಲಿ ಅಪರೂಪವೇ ಆದರೂ ಚಕ್ಕೆ ಎದ್ದಿದ್ದರೆ ಅದರ ಬೆಲೆ ಬಹಳಷ್ಟು ಇಳಿಯುತ್ತದೆ. ಬೆರಳಿಗೆ ತಾಗದ ಇನ್ನೊಂದು ಪೆಟ್ಟೂ ಇದೆ: ಗೋಲಿಗೆ ಗೋಲಿ ಬಡಿದಾಗ ಮೇಲ್ಮೈಯ ಕೆಳಗೆ ಅರ್ಧಚಂದ್ರದಂಥ ಬಿರುಕು ಮೂಡುತ್ತದೆ, ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದಾಗ ಬೆಳ್ಳಿಯ ರೇಖೆಯಂತೆ ಹೊಳೆದು ಮರೆಯಾಗುತ್ತದೆ. ಪಾಲಿಶ್ ಮಾಡಿಸಿದರೆ ಗೀರಿನೊಂದಿಗೆ ಮೂಲ ಮೇಲ್ಮೈ, ಕೆಲವೊಮ್ಮೆ ತುದಿಯ ಗುರುತು ಕೂಡ ಹೋಗುತ್ತದೆ, ಮತ್ತೆ ತರಲಾಗುವುದಿಲ್ಲ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸಾಬೂನು, ಮೆತ್ತನೆಯ ಬಟ್ಟೆ ಸಾಕು. ಆ 5 ಗೋಲಿಗಳನ್ನು ಡಬ್ಬಿಯಿಂದ ತೆಗೆದು ಒಂದೊಂದನ್ನೂ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಡಿ.

ಪ್ರಶ್ನೆ: ನಮ್ಮಲ್ಲಿ ಒಂದು ಹಳೆಯ ಗೋಲಿಸೋಡಾ ಬಾಟಲಿ ಇದೆ. ಅದರೊಳಗಿನ ಗೋಲಿಯನ್ನು ಸಂಗ್ರಹಕ್ಕೆ ಸೇರಿಸಲು ಬಾಟಲಿಯನ್ನು ಒಡೆಯಬಹುದೆ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಒಡೆಯಬೇಡಿ. ಇಂಗ್ಲೆಂಡಿನ ಹೈರಮ್ ಕಾಡ್ ಅವರು 1870ರ ದಶಕದಲ್ಲಿ ರೂಪಿಸಿದ ಈ ಬಾಟಲಿಯಲ್ಲಿ ಅನಿಲದ ಒತ್ತಡವೇ ಗೋಲಿಯನ್ನು ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದು ಬಾಯಿ ಮುಚ್ಚುತ್ತದೆ. ಗೋಲಿಗಾಗಿ ಮಕ್ಕಳು ಒಡೆದು ಹಾಕಿದ ಬಾಟಲಿಗಳಿಗೆ ಲೆಕ್ಕವಿಲ್ಲ, ಅದರಿಂದಲೇ ಇಡಿಯಾಗಿ ಉಳಿದದ್ದಕ್ಕೆ ಬೆಲೆ ಬಂದಿದೆ. ಹೊರಬಂದ ಗೋಲಿ ವಿನ್ಯಾಸವಿಲ್ಲದ ಸಾದಾ ಗಾಜಿನ ಗುಂಡು ಮಾತ್ರ. ಬಾಟಲಿಯ ಮೈಮೇಲೆ ಉಬ್ಬಕ್ಷರದಲ್ಲಿ ಕಾರ್ಖಾನೆಯ ಹೆಸರೋ ಊರಿನ ಹೆಸರೋ ಇದ್ದರೆ ಅದನ್ನು ಕಾಗದಕ್ಕೆ ಬರೆದಿಟ್ಟುಕೊಳ್ಳಿ. ಸಂಗ್ರಾಹಕರು ಮೊದಲು ಕೇಳುವುದು ಅದನ್ನೇ.